ಎಡಗಣ್ಣಿನ ತಿರುಪು

ನಮ್ಮ ಬೀದಿಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಆಕೆ ಕನ್ನಡಕದಕ್ಕ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಔಷಧಿ ಅಂಗಡಿಗೂ ಕೀಲಿಕೈ ಮಾಡುವವನ ಗೂಡಂಗಡಿಗೂ ನಡುವೆ, ಅಪ್ಪನಿಂದ ಬಂದ ಕನ್ನಡಕದ ಅಂಗಡಿ. ಮುಂದೆ ಗಾಜಿನ ಕಪಾಟಿನ ತುಂಬ ಚೌಕಟ್ಟುಗಳು, ಪರದೆಯ ಆಚೆ ಕಣ್ಣು ನೋಡುವ ಕುರ್ಚಿ, ಅದರ ಹಿಂದೆ ಒಬ್ಬರು ಕೂತರೆ ಇನ್ನೊಬ್ಬರು ಬಾಗಿಲಲ್ಲೇ ನಿಲ್ಲಬೇಕಾದಷ್ಟು ಇಕ್ಕಟ್ಟಾದ ಕೆಲಸದ ಕೋಣೆ. ಲೆನ್ಸ್ ತಿಕ್ಕುವುದು, ಕನ್ನಡಕದ ಕಡ್ಡಿ ಬಗ್ಗಿಸಿ ಕಿವಿಗೆ ಕೂರಿಸುವುದು, ಕಣ್ಣಿಗೆ ಕಾಣದಷ್ಟು ಸಣ್ಣ ತಿರುಪುಗಳನ್ನು ಬಿಗಿಯುವುದು, ಎಲ್ಲವೂ ಅಲ್ಲೇ. ಮಾತು ಕಡಿಮೆ. ಆಡಿದರೆ ಮುಳ್ಳು. “ದೋಷ ನಿಮ್ಮ ಕಣ್ಣಲ್ಲಿಲ್ಲ, ನೀವು ನೋಡೋ ರೀತೀಲಿದೆ” ಎಂದು ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದ್ದೂ ಉಂಟು.

ಇಂಥವಳಿಗೆ ಸಿಕ್ಕ ಗಂಡ ಹತ್ತಿಯಂಥವನು. ಅಂಚೆ ಕಚೇರಿಯಲ್ಲಿ ಕೆಲಸ. ಊರೆಲ್ಲ ಟಪಾಲಪ್ಪ ಎನ್ನುತ್ತಿತ್ತು. ಆತನಿಗಿದ್ದದ್ದು ಒಂದೇ ಚಟ, ಹಕ್ಕಿ. ಊರ ಅಂಚಿನ ಕೆರೆಗೆ ಭಾನುವಾರ ಬೆಳಗಾಗುವ ಮೊದಲೇ ಹೊರಡುತ್ತಿದ್ದ. ಜೊತೆಗೆ ಹೋಗುತ್ತಿದ್ದವನು ಬೇಕರಿಯ ಮಾಲೀಕ ಬನ್ನಣ್ಣ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು. ಟಪಾಲಪ್ಪ ಮಾತಾಡಿದರೆ ಪಕ್ಕದವನಿಗೂ ಕೇಳಿಸದು; ಬನ್ನಣ್ಣ ಬೇಕರಿಯ ಒಲೆ ಮುಂದೆ ನಿಂತು ಕೂಗಿದರೆ ಬಸ್ ನಿಲ್ದಾಣದಲ್ಲಿ ಜನ ತಿರುಗಿ ನೋಡುತ್ತಿದ್ದರು.

ಪ್ರತಿವರ್ಷ ಚಳಿಗಾಲದಲ್ಲಿ ದೂರದ ಹಕ್ಕಿಗಳು ಬಂದಿಳಿದ ಮೇಲೆ ಒಂದು ಬೆಳಗ್ಗೆ ಕೆರೆಯಲ್ಲಿ ಹಕ್ಕಿ ಎಣಿಕೆ ನಡೆಯುತ್ತಿತ್ತು. ಯಾರ ಬಲವಂತವೂ ಇಲ್ಲ. ಆಸಕ್ತಿ ಇದ್ದವರು ಬರುವುದು. ಕೆರೆಯ ದಡವನ್ನು ಪಾಲು ಮಾಡಿ, ಒಂದೊಂದು ಪಾಲಿಗೆ ಇಬ್ಬಿಬ್ಬರಂತೆ ಕೂರುವುದು, ಗಡಿಯಾರ ಹೊಂದಿಸಿಕೊಂಡು ಎಲ್ಲರೂ ಒಂದೇ ಹೊತ್ತಿಗೆ ಎಣಿಸುವುದು. ಒಂದು ಹಿಂಡು ಬೆದರಿ ಎದ್ದು ಇನ್ನೊಬ್ಬರ ಪಾಲಿನಲ್ಲಿ ಇಳಿದರೆ ಲೆಕ್ಕವೆಲ್ಲ ಕಲಸುಮೇಲೋಗರ. ಅದಕ್ಕೇ ಮುಂದಾಳು ಬನ್ನಣ್ಣನದು ಒಂದೇ ಕಟ್ಟಪ್ಪಣೆ: ಯಾರೂ ಕೂಗಬಾರದು. “ಕೆಮ್ಮು ಬಂದ್ರೂ ನುಂಗ್ಕೊಳಿ” ಎನ್ನುತ್ತಿದ್ದ, ತನ್ನ ಆ ದೊಡ್ಡ ದನಿಯಲ್ಲಿ.

ಕನ್ನಡಕದಕ್ಕ ಒಂದು ಸಲವೂ ಹೋದವಳಲ್ಲ. “ನೀರ ಮೇಲೆ ತೇಲೋದನ್ನ ಎಣಿಸಿ ಯಾರ ಮನೆ ಉದ್ಧಾರ ಆಗಿದೆ? ನೀವು ಎಣಿಸದಿದ್ರೆ ಅವು ಮುಳುಗಿ ಹೋಗ್ತವಾ?” ಎಂದು ಗಂಡನನ್ನು ಕೆಣಕುತ್ತಿದ್ದಳು. ಆತ ನಕ್ಕು, ದುರ್ಬೀನು ಕೊರಳಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದ.

ಹಾಗೆ ಹೊರಟವನು ಒಂದು ಚಳಿಗಾಲ ಮನೆಗೆ ನಡೆದು ಬರಲಿಲ್ಲ.

ಕೆರೆಯ ಹಳೇ ಪಂಪ್‌ಹೌಸ್ ಗೋಡೆಯ ಬಳಿ ಅವನೂ ಬನ್ನಣ್ಣನೂ ಎಣಿಸುತ್ತ ಕೂತಿದ್ದರಂತೆ. ಎದೆ ಹಿಡಿದಂತಾಯಿತು, ಬೆವರು ಸುರಿಯಿತು, ಟಪಾಲಪ್ಪ ಗೋಡೆಗೆ ಒರಗಿದ. ಎದುರು ದಡದಲ್ಲಿ ಡ್ರಾಯಿಂಗ್ ಮೇಷ್ಟ್ರು ಇದ್ದರು, ಅವರ ಹತ್ತಿರ ಕಾರಿತ್ತು. ಅಲ್ಲಿ ಕೆರೆ ಕಿರಿದು. ಬನ್ನಣ್ಣನ ಗಂಟಲಿಗೆ ಅದೊಂದು ದೂರವೇ ಅಲ್ಲ. ಆದರೆ ಅವನು ಕೂಗಲಿಲ್ಲ. ದಡ ಬಳಸಿಕೊಂಡು ಏರಿಯ ಮೇಲೆ ನಡೆದು ಹೋಗಿ ಮೇಷ್ಟ್ರನ್ನು ಕರೆದುಕೊಂಡು ಬಂದ. ಬರುವಷ್ಟರಲ್ಲಿ ಟಪಾಲಪ್ಪನ ಟೋಪಿ ಜಾರಿ ಮಡಿಲಿಗೆ ಬಿದ್ದಿತ್ತು.

ಇದನ್ನು ಬೇರೆ ಯಾರೋ ಬಂದು ಚಾಡಿ ಹೇಳಿದ್ದಲ್ಲ. ಅದೇ ಸಂಜೆ ಮನೆ ತುಂಬ ಜನ ಸೇರಿದ್ದಾಗ ಬನ್ನಣ್ಣನೇ ನೆಲದ ಮೇಲೆ ಕೂತು, ಬಿಕ್ಕಿ ಬಿಕ್ಕಿ ಅಳುತ್ತ ಹೇಳಿದ: “ಕೂಗಿದ್ರೆ ಹಕ್ಕಿ ಏಳುತ್ತೆ ಅಂತ ನಡ್ಕೊಂಡೇ ಹೋದೆ. ಅವನಿಗೆ ಹಕ್ಕಿ ಅಂದ್ರೆ ಪ್ರಾಣ ಅಲ್ವಾ...”

ಬಂದವರೆಲ್ಲ ಅವನ ಬೆನ್ನು ಸವರಿದರು. “ಎಂಥ ಸ್ನೇಹ ಕಣಪ್ಪ” ಎಂದರು. ಒಬ್ಬರು ನೀರು ತಂದು ಕುಡಿಸಿದರು. ಗಂಡನನ್ನು ಕಳಕೊಂಡವಳು ಒಲೆಯ ಪಕ್ಕ ನಿಂತು, ತನ್ನ ಮನೆಯ ಲೋಟದಲ್ಲಿ ಅವನು ನೀರು ಕುಡಿಯುವುದನ್ನು ನೋಡಿದಳು. ಆಕೆಯ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಆ ಮಾತು ಕೆಂಡದ ಹಾಗೆ ಹೊಟ್ಟೆಯೊಳಗೆ ಇಳಿದು ಅಲ್ಲೇ ಕೂತಿತು.

ಸ್ವಲ್ಪ ದಿನದ ಮೇಲೆ ಗ್ರಂಥಾಲಯದ ಗೋಡೆಗೆ ಆ ವರ್ಷದ ಎಣಿಕೆಯ ವರದಿ ಅಂಟಿಸಿದರು. ಹಿಂದೆಂದೂ ಕಾಣದಷ್ಟು ಹಕ್ಕಿಗಳು ಸಿಕ್ಕಿದ್ದವು. ಕೊನೆಯಲ್ಲಿ, ಈ ದಾಖಲೆಯನ್ನು ನಮ್ಮ ಟಪಾಲಪ್ಪನ ನೆನಪಿಗೆ ಅರ್ಪಿಸಿದೆ ಎಂದು ಬರೆದಿತ್ತು. ಆಕೆ ಅದನ್ನು ನಿಂತು ಓದಿ, ಅಂಗಡಿಗೆ ಹೋಗಿ ಬಾಗಿಲು ತೆಗೆದಳು.

ಮನೆಯಲ್ಲಿದ್ದವರು ಆಕೆ ಮತ್ತು ಅತ್ತೆ, ಇಬ್ಬರೇ. ಅತ್ತೆಗೆ ಹಲ್ಲು ಹೋಗಿತ್ತು, ನಾಲಿಗೆ ಮಾತ್ರ ಮೊನಚಾಗೇ ಇತ್ತು. ದಿನಾ ಬೆಳಗ್ಗೆ ಬನ್ನಣ್ಣ ಬಿಸಿ ಬನ್ನು ಕಾಗದದಲ್ಲಿ ಸುತ್ತಿಕೊಂಡು ಬರುತ್ತಿದ್ದ. ಅತ್ತೆ, “ಬಾರೋ ಮಗ, ಕೂತ್ಕೋ” ಎಂದು ಮಗನ ಫೋಟೋದ ಎದುರಿನ ಕುರ್ಚಿಯಲ್ಲೇ ಅವನನ್ನು ಕೂರಿಸಿ, ಬನ್ನನ್ನು ಚಹಾದಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದಳು. ಸೊಸೆಗೆ ಮೈ ಉರಿಯುತ್ತಿತ್ತು. ಒಂದು ದಿನ ತಡೆಯಲಾರದೆ, “ಬನ್ನು ಅಷ್ಟು ರುಚೀನಾ ಅತ್ತೆ?” ಎಂದು ಕೇಳಿಯೇಬಿಟ್ಟಳು. ಅತ್ತೆ ಬಾಯಿ ಒರೆಸಿಕೊಂಡು, “ಮೆತ್ತಗಿದೆ ಕಣೇ, ಹಲ್ಲಿಲ್ಲದವಳಿಗೆ ಇನ್ನೇನು ಬೇಕು” ಎಂದಳು. ಹೆತ್ತವಳೇ ಹೀಗಾದರೆ ತಾನೊಬ್ಬಳೇ ಈ ಹಗೆ ಹೊರಬೇಕು ಎಂದುಕೊಂಡಳು ಕನ್ನಡಕದಕ್ಕ.

ಹಗೆ ತೀರಿಸುವ ದಾರಿಯನ್ನು ಅವನೇ ಕೈಯಲ್ಲಿ ಹಿಡಿದುಕೊಂಡು ಬಂದ. ಮಳೆ ಹಿಡಿದಿದ್ದ ಒಂದು ದಿನ ಅಂಗಡಿಗೆ ಬಂದು, ಎದೆಗವಚಿಕೊಂಡ ಚೀಲದಿಂದ ತನ್ನ ದುರ್ಬೀನು ತೆಗೆದು ಕೌಂಟರಿನ ಮೇಲಿಟ್ಟ.

“ಅತ್ತಿಗೆ, ಒಳಗೆ ಬೂಷ್ಟು ಹಿಡಿದಿದೆ. ನೀವಲ್ದೆ ಇನ್ಯಾರ ಕೈಗೂ ಕೊಡೋಕೆ ಮನಸ್ಸಾಗಲ್ಲ.”

“ಇಟ್ಟು ಹೋಗಿ” ಎಂದಳು.

ಕೆಲಸದ ಕೋಣೆಯ ದೀಪದ ಕೆಳಗೆ ಅದನ್ನು ಬಿಚ್ಚಿದಳು. ಬೂಷ್ಟನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆದಳು. ಆಮೇಲೆ ಎಡಗೊಳವೆಯ ಒಳಗೆ, ಬೆಳಕನ್ನು ತಿರುಗಿಸುವ ಗಾಜಿನ ತುಂಡನ್ನು ಹಿಡಿದಿದ್ದ ತಿರುಪಿಗೆ ಉಳಿಯಂಥ ಸಣ್ಣ ಸ್ಕ್ರೂಡ್ರೈವರ್ ಇಟ್ಟು ಒಂದು ಕೂದಲೆಳೆಯಷ್ಟು ತಿರುಗಿಸಿದಳು. ಹೆಚ್ಚು ತಿರುಗಿಸಿದರೆ ಒಂದು ಹಕ್ಕಿ ಎರಡಾಗಿ ಕಾಣುತ್ತದೆ, ಗುಟ್ಟು ಬಯಲಾಗುತ್ತದೆ. ಇಷ್ಟಾದರೆ ಎರಡು ಕಣ್ಣುಗಳೂ ಎರಡು ಚಿತ್ರವನ್ನು ಒಂದು ಮಾಡಲು ಒಳಗೊಳಗೇ ಜಗ್ಗಾಡುತ್ತವೆ; ನೋಡುವವನಿಗೆ ಕಾರಣ ತಿಳಿಯದೆ ಹಣೆ ಸಿಡಿಯುತ್ತದೆ, ದೂರದ್ದು ಕದಡುತ್ತದೆ. ಅದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಮುಚ್ಚಳ ಬಿಗಿದು, ಬಟ್ಟೆಯಿಂದ ಒರೆಸಿ, ಹೊಸದರಂತೆ ಹೊಳೆಸಿಟ್ಟಳು. ಅವತ್ತು ಮನೆಗೆ ಹೋದವಳು ಅತ್ತೆಗೆ ತಲೆ ಬಾಚಿ ಕೊಟ್ಟಳಂತೆ, ಅದೂ ಹಾಡು ಗುನುಗುತ್ತ.

ಮುಂದಿನ ಚಳಿಗಾಲದ ಎಣಿಕೆಗೆ ಆಕೆ ಗಂಡನ ದುರ್ಬೀನು ಕೊರಳಿಗೆ ಹಾಕಿಕೊಂಡು ಕೆರೆ ದಡಕ್ಕೆ ಹೋದಳು. ಬನ್ನಣ್ಣನ ಕಣ್ಣು ತುಂಬಿತು.

“ಅತ್ತಿಗೆ, ನೀವು ಬಂದ್ರಲ್ಲ, ಅವನೇ ಬಂದ ಹಾಗಾಯ್ತು. ನನ್ನ ಜೊತೆಗೇ ಕೂತ್ಕೊಳಿ.”

ಆಕೆಗೂ ಬೇಕಾಗಿದ್ದದ್ದು ಅದೇ. ನೋಡಲು ಬಂದದ್ದು ಹಕ್ಕಿಯನ್ನಲ್ಲ. ಅವನು ದುರ್ಬೀನು ಎತ್ತುವುದು, ಇಳಿಸುವುದು, ಹುಬ್ಬಿನ ನಡುವೆ ಒತ್ತಿಕೊಳ್ಳುವುದು, ಕಣ್ಣು ಕಿರಿದು ಮಾಡಿ ಮತ್ತೆ ನೋಡುವುದು, ಎಣಿಸಿದ್ದನ್ನೇ ಎಣಿಸಿ ತಪ್ಪುವುದು, ಎಲ್ಲವನ್ನೂ ಪಕ್ಕದಲ್ಲೇ ಕೂತು ಕಣ್ತುಂಬ ನೋಡಿದಳು.

ಎಣಿಕೆಯಾದ ಕೆಲವು ದಿನಕ್ಕೆ, ಬೇಕರಿಯ ಕೆಲಸ ಮುಗಿಸಿ ಅವನು ಅಂಗಡಿಗೆ ಕಣ್ಣು ತೋರಿಸಲು ಬಂದ. ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಅಕ್ಷರಗಳನ್ನು ಓದಿಸಿದಳು. ತಳದ ಸಾಲಿನವರೆಗೂ ತಡವರಿಸದೆ ಓದಿದ.

“ಇಲ್ಲಿ ಕಾಣುತ್ತೆ ಅತ್ತಿಗೆ. ಕೆರೆಗೆ ಹೋದ್ರೇ ತೊಂದ್ರೆ.”

“ಹತ್ತಿರದ್ದು ಬೇರೆ, ದೂರದ್ದು ಬೇರೆ. ವಯಸ್ಸಾಯ್ತಲ್ಲ” ಎಂದಳು. “ಹೋಗೋದು, ಬಿಡೋದು ನಿಮಗೆ ಬಿಟ್ಟಿದ್ದು.”

“ಔಷಧಿ ಏನಾದ್ರೂ...”

“ಇದಕ್ಕೆ ಔಷಧಿ ಇಲ್ಲ.”

ಬೇರೆಯವರ ದುರ್ಬೀನಿನಲ್ಲಿ ಒಂದು ಸಲ ನೋಡಿದ್ದರೆ ಅವತ್ತೇ ಎಲ್ಲ ತಿಳಿಯುತ್ತಿತ್ತು. ಆದರೆ ಪರರ ದುರ್ಬೀನು ಮುಟ್ಟುವುದು ಬನ್ನಣ್ಣನ ಜಾಯಮಾನವಲ್ಲ. ಇನ್ನೊಬ್ಬರ ಚಪ್ಪಲಿ ಹಾಕಿಕೊಂಡ ಹಾಗೆ ಎಂದು ಅವನೇ ಎಷ್ಟೋ ಸಲ ಹೊಸಬರಿಗೆ ಹೇಳಿದ್ದ. ಆ ಜಂಬವೇ ಆಕೆಗೆ ಒದಗಿತು.

ಅಷ್ಟಕ್ಕೆ ಬಿಡಲಿಲ್ಲ. ಗಂಡನ ಹಕ್ಕಿ ಪುಸ್ತಕವನ್ನು ಕೌಂಟರಿನ ಕೆಳಗಿಟ್ಟುಕೊಂಡು, ಗಿರಾಕಿ ಇಲ್ಲದಾಗ ಒಂದೊಂದನ್ನೇ ಕಲಿತಳು. ಪ್ರೀತಿಯಿಂದಲ್ಲ, ಅವನನ್ನು ತಿದ್ದಲೆಂದು. ಮರುವರ್ಷ ಎಣಿಕೆಗೆ ಮೊದಲು ಎಲ್ಲರೂ ಏರಿಯ ಮೇಲೆ ನಿಂತಿದ್ದಾಗ ಬನ್ನಣ್ಣ ದುರ್ಬೀನು ಎತ್ತಿ, “ಅಲ್ಲಿ ನೋಡಿ, ಗುಳುಮುಳುಕ” ಎಂದ. ಆಕೆ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ, “ಅದು ನಾಮದ ಕೋಳಿ ಬನ್ನಣ್ಣ. ಹಣೆ ಮೇಲೆ ಬಿಳಿ ನಾಮ ಕಾಣ್ತಿಲ್ವಾ?” ಎಂದಳು. ಯಾರೋ ನಕ್ಕರು. ಅವನೂ ನಗಲು ನೋಡಿದ, ಆಗಲಿಲ್ಲ. ಹಿಂತಿರುಗುವಾಗ ಡ್ರಾಯಿಂಗ್ ಮೇಷ್ಟ್ರು, “ಪಾಪ, ಮೊದಲಿನ ಕಣ್ಣಿಲ್ಲ” ಎಂದದ್ದು ಆಕೆಯ ಕಿವಿಗೆ ಬಿತ್ತು. ಹೊಟ್ಟೆ ತಣ್ಣಗಾಯಿತು.

ಬನ್ನಣ್ಣ ಕುಗ್ಗುತ್ತ ಬಂದ. ಭಾನುವಾರ ಕೆರೆಗೆ ಹೋಗುವುದು ತಪ್ಪಿತು. ಬೇಕರಿಯಲ್ಲಿ ಆ ದೊಡ್ಡ ದನಿ ಅಡಗಿತು. ಕೆಲಸದವರೇ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದರು. ಮೂರನೆಯ ಚಳಿಗಾಲ ಹತ್ತಿರವಾದಾಗ ಒಂದು ಬೆಳಗ್ಗೆ ಬನ್ನು ಕೊಟ್ಟು, ಫೋಟೋದ ಕಡೆ ತಿರುಗದೆ ಅತ್ತೆಗೆ ಹೇಳಿದ: “ಅಮ್ಮ, ಈ ಸಲದ ಎಣಿಕೇನೇ ಕೊನೆ. ಆಮೇಲೆ ಮೇಷ್ಟ್ರಿಗೆ ವಹಿಸಿಬಿಡ್ತೀನಿ. ವಯಸ್ಸಾಯ್ತು, ಏನು ಮಾಡೋದು.”

ಒಳಗೆ ಪಾತ್ರೆ ತೊಳೆಯುತ್ತಿದ್ದ ಸೊಸೆಗೆ ಕುಣಿಯಬೇಕು ಅನಿಸಬೇಕಿತ್ತು. ಆದರೆ ಕೈ ನಿಂತಿತು. ವಯಸ್ಸಾಯ್ತು ಎಂದನಲ್ಲ! ಇಷ್ಟು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದೆಲ್ಲ ವಯಸ್ಸಿನ ಲೆಕ್ಕಕ್ಕೆ ಹೋಗುತ್ತದೆ. ಯಾರು ಹೊಡೆದರು, ಯಾಕೆ ಹೊಡೆದರು ಎಂದು ಗೊತ್ತಾಗದ ಏಟು ಏಟೇ ಅಲ್ಲ. ಅವನಿಗೆ ತಿಳಿಯಬೇಕು. ತನ್ನ ಬಾಯಿಂದಲೇ ತಿಳಿಯಬೇಕು.

ಆ ವರ್ಷ ಚಳಿ ಬಿಗಿಯಾಗಿತ್ತು. ಮಂಜು ಸರಿದಂತೆ ಕೆರೆಯ ತುಂಬ ಹಕ್ಕಿ ಕಾಣಿಸತೊಡಗಿತು. ಹತ್ತಿರದಲ್ಲಿ ನಾಮದ ಕೋಳಿಗಳ ಕಪ್ಪು ಗುಂಪು, ಅದರಾಚೆ ಸೂಜಿಬಾಲದ ಬಾತುಗಳ ಸಾಲು ಸಾಲು, ಜೊಂಡಿನ ಅಂಚಿನಲ್ಲಿ ಒಂಟಿ ಕಾಲಿನ ಮೇಲೆ ಬೂದು ಬಕ. ಇಬ್ಬರೂ ಪಂಪ್‌ಹೌಸ್ ಗೋಡೆಯ ಬಳಿ ಕೂತಿದ್ದರು. ಎಣಿಕೆಯ ಹೊತ್ತಾಯಿತು. ಇಡೀ ದಡ ಉಸಿರು ಬಿಗಿಹಿಡಿದಂತೆ ಸುಮ್ಮನಾಯಿತು. ಬನ್ನಣ್ಣ ದುರ್ಬೀನು ಎತ್ತಿದ, ಇಳಿಸಿದ, ಹಣೆ ಒತ್ತಿಕೊಂಡ.

“ಬನ್ನಣ್ಣ,” ಎಂದಳು, ಪಿಸುದನಿಯಲ್ಲಿ. “ನಿಮ್ಮ ಕಣ್ಣು ಚೆನ್ನಾಗಿದೆ.”

“ಹ್ಞಾಂ?” ಅವನದೂ ಪಿಸುದನಿಯೇ.

“ಕಣ್ಣಿಗೇನೂ ಆಗಿಲ್ಲ. ಯಾವತ್ತೂ ಆಗಿರಲಿಲ್ಲ. ದುರ್ಬೀನಿನ ಎಡಗಡೆ ತಿರುಪು ನಾನು ತಿರುಗಿಸಿಟ್ಟಿದ್ದು.”

“ತಮಾಷೆ ಮಾಡ್ಬೇಡಿ ಅತ್ತಿಗೆ, ಲೆಕ್ಕ ತಪ್ಪುತ್ತೆ.”

ಆಕೆ ಗಂಡನ ದುರ್ಬೀನನ್ನು ಕೊರಳಿಂದ ತೆಗೆದು ಅವನ ತೊಡೆಯ ಮೇಲಿಟ್ಟಳು. “ಇವರದ್ರಲ್ಲಿ ನೋಡಿ.”

ಒಲ್ಲದ ಮನಸ್ಸಿನಿಂದ ಎತ್ತಿ ನೋಡಿದ. ನೋಡುತ್ತಲೇ ಇದ್ದ. ಬಾತಿನ ಕೊರಳಿನ ಬಿಳಿ ಗೆರೆ, ಬಾಲದ ಸೂಜಿ, ಬಕದ ತಲೆಯ ಕರಿ ಜುಟ್ಟು, ಎಲ್ಲ ತೊಳೆದಿಟ್ಟಂತೆ ಕಂಡಿರಬೇಕು. ದುರ್ಬೀನು ಇಳಿಸಿ ಆಕೆಯತ್ತ ತಿರುಗಿದ.

“ಯಾಕೆ?” ದನಿ ಇರಲಿಲ್ಲ, ಬರೀ ಉಸಿರು.

“ಕೂಗಿದ್ರೆ ಹಕ್ಕಿ ಏಳುತ್ತೆ ಅಂತ” ಎಂದಳು ಕನ್ನಡಕದಕ್ಕ.

ಆಗ ಅವನು ಕೂಗಿದ. ಮಾತಲ್ಲ ಅದು, ಮೂರು ವರ್ಷ ಒಳಗೇ ಕೂತಿದ್ದ ಸಂಕಟ ಗಂಟಲು ಹರಿದುಕೊಂಡು ಬಂದಂತಿತ್ತು. ಇಡೀ ಕೆರೆ ಎದ್ದಿತು. ಸಾವಿರ ರೆಕ್ಕೆಗಳು ಒಟ್ಟಿಗೆ ನೀರು ಬಡಿದ ಸದ್ದಿಗೆ ಗೋಡೆಯೇ ಅದುರಿದಂತಾಯಿತು. ಬಾತುಗಳು ಮೇಲೆ ಹೋಗಿ ಸುತ್ತಿದವು, ನಾಮದ ಕೋಳಿಗಳು ನೀರಿನ ಮೇಲೆ ಓಡುತ್ತ ಜೊಂಡು ಸೇರಿದವು. ಆ ವರ್ಷದ ಎಣಿಕೆ ಅಲ್ಲಿಗೆ ಮುಗಿಯಿತು.

ಆಕೆ ಎದ್ದು ನಿಂತಳು. ಇನ್ನು ಪಿಸುಗುಟ್ಟುವ ಅಗತ್ಯವಿರಲಿಲ್ಲ.

“ಈ ದನಿ ಅವತ್ತು ಎಲ್ಲಿತ್ತು? ಆಚೆ ದಡಕ್ಕೆ ಕೇಳ್ತು, ನೋಡಿ. ಮೇಷ್ಟ್ರು ಕಾರು ಹತ್ತಿದ್ರು, ನೋಡಿ. ಎಷ್ಟು ಬೇಗ ಬರ್ತಿದ್ದಾರೆ, ಸರಿಯಾಗಿ ನೋಡ್ಕೊಳಿ!”

ಏರಿಯ ಮೇಲೆ ಧೂಳೆಬ್ಬಿಸಿಕೊಂಡು ಕಾರು ಬರುತ್ತಿತ್ತು. ಬನ್ನಣ್ಣ ಅದನ್ನು ನೋಡಿದ. ಅದು ಪಂಪ್‌ಹೌಸ್ ಮುಟ್ಟುವವರೆಗೂ ಕಣ್ಣು ಕೀಳಲಿಲ್ಲ. ಮೇಷ್ಟ್ರು ಇಳಿದು ಓಡಿಬಂದು, “ಏನಾಯ್ತು? ಯಾರಿಗೇನಾಯ್ತು?” ಎಂದರು.

“ಯಾರಿಗೂ ಏನೂ ಆಗಿಲ್ಲ” ಎಂದಳು ಆಕೆ. ಬನ್ನಣ್ಣ ತನ್ನ ಚೀಲ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ನಡೆದುಬಿಟ್ಟ.

ಮನೆಗೆ ಬಂದವಳಿಗೆ ವಿಪರೀತ ಹಸಿವು. ತಟ್ಟೆ ತುಂಬ ಬಡಿಸಿಕೊಂಡು ಉಣ್ಣುತ್ತಲೇ ಅತ್ತೆಗೆ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಬೈಗುಳಕ್ಕೆ ತಯಾರಾಗಿಯೇ ಹೇಳಿದ್ದು. ಅತ್ತೆ, “ಎಡಗಡೇದು ಒಂದೇನಾ?” ಎಂದಳು.

“ಹ್ಞೂಂ.”

“ನಾನಾಗಿದ್ರೆ ಎರಡೂ ತಿರುಗಿಸ್ತಿದ್ದೆ.”

ಸೊಸೆಯ ಕೈಯಲ್ಲಿದ್ದ ತುತ್ತು ಅಲ್ಲೇ ಉಳಿಯಿತು. “ಮತ್ತೆ ದಿನಾ ಅವನ ಬನ್ನು...”

“ಬನ್ನಿಗೆ ಕರೀತಿದ್ನೇನೇ ಅವನನ್ನ? ನಿನ್ನ ಗಂಡನ ಫೋಟೋ ಎದುರು ದಿನಾ ಕೂರಿಸ್ಬೇಕಿತ್ತು. ನಾನು ತಿಂದು ಮುಗಿಸೋವರೆಗೂ ಏಳೋ ಹಾಗಿರ್ಲಿಲ್ಲ. ಅದಕ್ಕೇ ನಿಧಾನವಾಗಿ ತಿಂತಿದ್ದೆ.” ಮುದುಕಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ನೀನು ಕೇಳಿದ್ರೆ ತಾನೇ ಹೇಳೋದು? ಬನ್ನು ರುಚೀನಾ ಅಂತ ಕೇಳ್ತಾಳೆ, ದೊಡ್ಡ ಬುದ್ಧಿವಂತೆ.”

ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು. ನಗು ಎಲ್ಲೋ ತಿರುಗಿ ಅಳುವಾಯಿತು. ಸಾವಾದ ಮೇಲೆ ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.

ಬನ್ನಣ್ಣ ಬನ್ನು ತರುವುದು ನಿಂತಿತು. ಬೇಸಿಗೆ ಕಳೆಯಿತು. ಕೆರೆಯ ಬಳಿ ನಡೆದದ್ದನ್ನು ಅವನು ಯಾರಿಗೂ ಹೇಳಲಿಲ್ಲ. ಹಾವು ಕಂಡು ಕೂಗಿದನಂತೆ ಎಂದು ಊರೇ ಒಂದು ಕಥೆ ಕಟ್ಟಿಕೊಂಡಿತು. ಮಳೆ ಶುರುವಾದ ಮೇಲೆ ಒಂದು ಮಧ್ಯಾಹ್ನ ಬನ್ನಣ್ಣ ಅಂಗಡಿಗೆ ಬಂದು ದುರ್ಬೀನನ್ನು ಕೌಂಟರಿನ ಮೇಲಿಟ್ಟ.

“ಸರಿ ಮಾಡಿ ಕೊಡಿ.”

ಬೇರೆ ಊರಿನಲ್ಲಿ ಮಾಡಿಸಬಹುದಿತ್ತು. ಇಲ್ಲಿಗೇ ತಂದ. ಆಕೆ ಅದನ್ನು ಮುಟ್ಟಲಿಲ್ಲ. ಅವನು ಕಪಾಟಿನ ಗಾಜನ್ನೇ ನೋಡುತ್ತ ಹೇಳಿದ:

“ಅವನೇ ಅಂದ. ಕೂಗ್ಬೇಡ ಅಂತ. ಕೈ ಸನ್ನೆ ಮಾಡಿ ಅಂದ. ಅದನ್ನ ಅವತ್ತು ಹೇಳಿದ್ರೆ ತಪ್ಪನ್ನ ಸತ್ತವನ ಮೇಲೆ ಹಾಕ್ದ ಹಾಗಾಗುತ್ತೆ ಅಂತ ಹೇಳಲಿಲ್ಲ.”

ಆಕೆಗೆ ಅದು ಸುಳ್ಳೆನಿಸಲಿಲ್ಲ. ಎದೆ ಹಿಡಿದುಕೊಂಡೂ ಬಾಯಿಗೆ ಬೆರಳಿಟ್ಟು ಸುಮ್ಮನಿರು ಎನ್ನುವ ಗಂಡ ಕಣ್ಣ ಮುಂದೆ ಬಂದ. ಆ ಕ್ಷಣ ಸತ್ತವನ ಮೇಲೂ ಸಿಟ್ಟು ಬಂತು. ಆದರೆ ಒಳಗಿನ ಕೆಂಡ ಆರಲಿಲ್ಲ.

“ಅಂದಿರ್ತಾರೆ” ಎಂದಳು. “ಜ್ವರ ಬಂದವರು ಐಸ್‌ನೀರು ಕೇಳ್ತಾರೆ. ಕೇಳಿದ್ರು ಅಂತ ಕೊಡ್ತೀವಾ?”

“ಕೂಗಿದ್ರೆ ಉಳೀತಿದ್ನಾ?”

“ಗೊತ್ತಿಲ್ಲ. ಕೂಗಲಿಲ್ಲವಲ್ಲ, ಇನ್ನು ಯಾರಿಗೂ ಗೊತ್ತಾಗಲ್ಲ.”

ಬೀದಿಯಲ್ಲಿ ಬಸ್ಸೊಂದು ಹೋಗಿ ಕಪಾಟಿನ ಗಾಜು ಗಡಗಡಿಸಿತು. ಆಕೆ ದುರ್ಬೀನನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಸರಿ ಮಾಡ್ತೀನಿ. ಒಂದು ಮಾತು ನಡೆಸಿಕೊಡಬೇಕು. ಎಣಿಕೆ ನೀವೇ ನಡೆಸಿ, ಮೇಷ್ಟ್ರಿಗೆ ಕೊಡಬೇಡಿ. ಶುರು ಮಾಡೋ ಮೊದಲು ಎಲ್ಲರ ಎದುರು ನಿಂತು ಹೇಳ್ಬೇಕು, ಯಾರಿಗಾದ್ರೂ ಏನಾದ್ರೂ ಆದ್ರೆ ಕೂಗಿ, ಹಕ್ಕಿ ಎದ್ರೆ ಏಳ್ಲಿ ಅಂತ. ವರ್ಷಾ ವರ್ಷಾ ಹೇಳ್ಬೇಕು. ನಿಮ್ಮ ಬಾಯಿಂದಲೇ.”

ಅವನು ತಲೆಯಾಡಿಸಿದ. ಆಕೆ ಒಳಗೆ ಹೋಗಿ ತಿರುಪನ್ನು ಇದ್ದಲ್ಲಿಗೆ ತಂದಳು. ಅವನು ಬಾಗಿಲಲ್ಲಿ ನಿಂತು ಬೀದಿಯ ಕೊನೆಯ ನೀರಿನ ಟ್ಯಾಂಕನ್ನು ನೋಡಿ, “ಸರಿಯಾಗಿದೆ, ಮೇಡಂ” ಎಂದು ಹೇಳಿ ಹೋದ. ಅತ್ತಿಗೆ ಎನ್ನಲಿಲ್ಲ. ಮತ್ತೆಂದೂ ಎನ್ನಲಿಲ್ಲ.

ಎಣಿಕೆ ಈಗಲೂ ನಡೆಯುತ್ತದೆ. ಹೋದ ಚಳಿಗಾಲ ನಾನೂ ಹೋಗಿದ್ದೆ. ಕನ್ನಡಕದಕ್ಕನಿಗೆ ತಲೆ ನೆರೆತಿದೆ, ಆದರೆ ಕೆರೆಯಲ್ಲಿ ಆಕೆ ಗುರುತಿಸದ ಹಕ್ಕಿ ಇಲ್ಲ. ಬನ್ನಣ್ಣನಿಂದ ಅತಿ ದೂರದ ಪಾಲು ಆರಿಸಿಕೊಳ್ಳುತ್ತಾಳೆ, ಅಲ್ಲಿ ಒಬ್ಬಳೇ ಕೂತು ಸಂತೋಷವಾಗಿಯೇ ಎಣಿಸುತ್ತಾಳೆ. ಅದಕ್ಕೂ ಮೊದಲು ಮಾತ್ರ ಏರಿಯ ಮೇಲೆ ಎಲ್ಲರಿಗಿಂತ ಮುಂದೆ, ಅವನ ಎದುರಿಗೇ ನಿಲ್ಲುತ್ತಾಳೆ. ಅವತ್ತೂ ಅವನು ಗಂಟಲು ಸರಿಮಾಡಿಕೊಂಡು, ನೆಲ ನೋಡುತ್ತ ಆ ಮಾತು ಹೇಳಿದ.

“ಕೇಳಿಸಲಿಲ್ಲ” ಎಂದಳು ಕನ್ನಡಕದಕ್ಕ.

ಅವನು ಇನ್ನೊಮ್ಮೆ ಹೇಳಿದ, ಜೋರಾಗಿ. ಹೊಸಬರು ಈ ಅಜ್ಜಿಗೆ ಕಿವುಡಿರಬೇಕು ಎಂದುಕೊಂಡು ಮುಗುಳ್ನಕ್ಕರು. ಆಮೇಲೆ ಎಲ್ಲರೂ ಗಡಿಯಾರ ಹೊಂದಿಸಿಕೊಂಡು ತಮ್ಮ ತಮ್ಮ ಪಾಲಿನ ದಡಕ್ಕೆ ಹೊರಟರು.